ಮಿಕ್ಸರ್ ಆಮದು: ಎಂಟು ಅಂಕಿ ಸರಿಯಿದ್ದರೆ ಅರ್ಧ ಕೆಲಸ ಮುಗಿದಂತೆ

ಶಿರಸಿ, ಕುಮಟಾ, ಕಾರವಾರದ ಪಾತ್ರೆ ಅಂಗಡಿಯವರು ಅಡುಗೆಮನೆಯ ಯಂತ್ರಗಳನ್ನು ನೇರವಾಗಿ ಹೊರದೇಶದಿಂದ ತರಿಸಲು ಹೊರಟಾಗ ಪದೇ ಪದೇ ಎಡವುವುದು ಒಂದೇ ಕಡೆ. ಮಾರಾಟಗಾರ ಇನ್‌ವಾಯ್ಸ್‌ನಲ್ಲಿ ಬರೆದ ಎಚ್‌ಎಸ್ ಕೋಡನ್ನು (ಸರಕು ಯಾವ ಬಗೆಯದೆಂದು ಸುಂಕಕ್ಕಾಗಿ ಗುರುತಿಸುವ ಅಂಕಿ) ಕಣ್ಣು ಮುಚ್ಚಿ ನಕಲು ಮಾಡುತ್ತಾರೆ. ಆ ಕೋಡಿನ ಮೊದಲ ಆರು ಅಂಕಿ ಮಾತ್ರ ಎಲ್ಲ ದೇಶಗಳಿಗೂ ಸಮಾನ. ಮುಂದಿನ ಎರಡು ಭಾರತದವು, ಅವನ್ನು ನಮ್ಮ ಸುಂಕಪಟ್ಟಿಯಲ್ಲೇ ಹುಡುಕಬೇಕು.

1. ಆಮದು-ರಫ್ತುದಾರರ ಸಂಕೇತ ಸಂಖ್ಯೆ (ಐಇಸಿ): ಪ್ಯಾನ್ ಮತ್ತು ಬ್ಯಾಂಕ್ ಖಾತೆ ಇದ್ದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಜಾಲತಾಣದಲ್ಲಿ 500 ರೂಪಾಯಿಗೆ ಸಿಗುತ್ತದೆ.

2. ವರ್ಗೀಕರಣ: ಯಂತ್ರದ ಹೆಸರನ್ನು ಮರೆತು, ಅದು ಮಾಡುವ ಕೆಲಸವನ್ನು ನೋಡಿ. ಒಳಗಿನ ಮೋಟಾರಿನಿಂದ ರುಬ್ಬಿದರೆ, ಕಲಸಿದರೆ, ರಸ ತೆಗೆದರೆ ಕೋಡಿನ ಮೊದಲ ನಾಲ್ಕು ಅಂಕಿ 8509. ಕರೆಂಟಿನಿಂದ ಬಿಸಿ ಮಾಡಿದರೆ 8516. ಅದರೊಳಗೆ ಮೈಕ್ರೋವೇವ್ 8516 50 00, ಇಂಡಕ್ಷನ್ ಒಲೆ ಮತ್ತು ರೈಸ್ ಕುಕ್ಕರ್ 8516 60 00, ಟೋಸ್ಟರ್ 8516 72 00. ಕೈಯಿಂದ ತಿರುಗಿಸುವ, ಹತ್ತು ಕಿಲೋ ಮೀರದ ಕಾಫಿಬೀಜದ ಗಿರಣಿ 8210. ಮಾಮೂಲಿ ಪ್ರೆಷರ್ ಕುಕ್ಕರಿಗೆ ಯಂತ್ರಗಳ ಅಧ್ಯಾಯವೇ ಅಲ್ಲ: ಸ್ಟೀಲಿನದು 7323, ಅಲ್ಯೂಮಿನಿಯಂ 7615.

ತೂಕದಲ್ಲಿ ಹಲವರು ಮೋಸಹೋಗುತ್ತಾರೆ. ಮೋಟಾರಿನ ಮನೆಬಳಕೆಯ ಯಂತ್ರಗಳಿಗೆ 20 ಕಿಲೋ ಮಿತಿ ಇದೆ, ಆದರೆ ಗ್ರೈಂಡರ್, ಮಿಕ್ಸರ್, ಜ್ಯೂಸರ್‌ಗಳಿಗೆ ಆ ಮಿತಿ ಇಲ್ಲ. ಕಲ್ಲಿನ ವೆಟ್ ಗ್ರೈಂಡರ್ ಎಷ್ಟೇ ಭಾರವಿದ್ದರೂ ಮನೆಯದಾದರೆ 8509ರಲ್ಲೇ ಉಳಿಯುತ್ತದೆ. ಕಾರ್ಖಾನೆಗೆಂದೇ ಮಾಡಿದ ದೊಡ್ಡ ಯಂತ್ರ 8438ಕ್ಕೆ ಹೋಗುತ್ತದೆ.

ಮೋಟಾರನ್ನು ಒಂದು ಪೆಟ್ಟಿಗೆಯಲ್ಲಿ, ಮೈಯನ್ನು ಇನ್ನೊಂದರಲ್ಲಿ ತರಿಸಿ ‘ಬಿಡಿಭಾಗ’ ಎಂದು ಬರೆಯುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಒಂದೇ ಸರಕಿನಲ್ಲಿ ಬಂದ ಬಿಚ್ಚಿದ ಯಂತ್ರ, ಕಾನೂನಿನ ಕಣ್ಣಿಗೆ ಇಡೀ ಯಂತ್ರವೇ. ನಿಜವಾಗಿ ಬಿಡಿಯಾಗಿ ತರಿಸಿದ ಜಾರ್, ಕಪ್ಲರ್ 8509 90 00.

ರುಬ್ಬಿ ಬೇಯಿಸುವ ಸೂಪ್ ಯಂತ್ರದಂಥವು ಬಂದಾಗ ಮುಖ್ಯ ಕೆಲಸ ಯಾವುದೆಂದು ತೀರ್ಮಾನಿಸಬೇಕು. ಅನುಮಾನ ಉಳಿದರೆ ಸರಕು ತರಿಸುವ ಮೊದಲೇ ಕಸ್ಟಮ್ಸ್‌ನ ಮುಂಗಡ ತೀರ್ಪಿಗೆ ಅರ್ಜಿ ಹಾಕಿ. ನನ್ನ ಖಚಿತ ಸಲಹೆ: ಯಾವುದೇ ಮಾದರಿಯನ್ನು ತಳ ಮಗುಚಿ, ಅಲ್ಲಿ ಅಂಟಿಸಿದ ಫಲಕದ ಚಿತ್ರ ತೆಗೆದು ಕಡತಕ್ಕೆ ಸೇರಿಸಿ. 220–240 ವೋಲ್ಟ್, 50 ಹರ್ಟ್ಜ್, ವ್ಯಾಟ್ ಮೂರೂ ಕಾಣಬೇಕು. 110 ವೋಲ್ಟಿನ ಅಗ್ಗದ ಮಾಲು ಬೇಡವೇ ಬೇಡ.

3. ಸುಂಕದ ಲೆಕ್ಕ: ಸರಕಿನ ಬೆಲೆಗೆ ಸಾಗಣೆ ಮತ್ತು ವಿಮೆಯ ವೆಚ್ಚ ಸೇರಿ ಒಂದು ಲಕ್ಷ ಆಯಿತೆನ್ನಿ. 8509 ಮತ್ತು 8516ರ ಸಾಮಾನ್ಯ ಮೂಲ ಸುಂಕ ಶೇ 20ರಂತೆ 20,000. ಅದರ ಮೇಲೆ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್ 2,000. ಒಟ್ಟು 1,22,000ಕ್ಕೆ ಶೇ 18 ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) 21,960. ಎಲ್ಲ ಸೇರಿ 43,960 ರೂಪಾಯಿ. ಜಿಎಸ್‌ಟಿ ನೋಂದಣಿ ಇದ್ದವರಿಗೆ ಐಜಿಎಸ್‌ಟಿ ಮಾತ್ರ ಕ್ರೆಡಿಟ್ ಆಗಿ ಹಿಂದಿರುಗುತ್ತದೆ. ಉಳಿದ 22,000 ನಿಮ್ಮ ಖರ್ಚು, ಮಾರಾಟ ಬೆಲೆಗೆ ಅದನ್ನು ಸೇರಿಸಲೇಬೇಕು. ದರಗಳು ಬಜೆಟ್‌ನಲ್ಲಿ ಬದಲಾಗುತ್ತವೆ, ಆರ್ಡರ್ ಕೊಡುವ ದಿನ ಮತ್ತೆ ನೋಡಿ.

ಇನ್‌ವಾಯ್ಸ್‌ನಲ್ಲಿ ಕಡಿಮೆ ಬೆಲೆ ತೋರಿಸುವುದು, ‘ಉಡುಗೊರೆ’ ಎಂದು ಬರೆಯಿಸುವುದು ಎರಡೂ ಅಪಾಯ. ಉಡುಗೊರೆಗೆ ಇದ್ದ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಗಿದೆ. ತಪ್ಪು ಘೋಷಣೆಗೆ ಸರಕು ಜಪ್ತಿಯಾಗಬಹುದು, ದಂಡವೂ ಬೀಳುತ್ತದೆ.

4. ಗುರುತು ಮತ್ತು ಚೀಟಿ: ಎಲೆಕ್ಟ್ರಿಕ್ ಒಲೆ, ಮೈಕ್ರೋವೇವ್‌ನಂಥ ಹಲವಕ್ಕೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು ಕಡ್ಡಾಯ. ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ, ಎಂಆರ್‌ಪಿ ಇರಲಿ.

5. ಬಿಲ್ ಆಫ್ ಎಂಟ್ರಿ (ಆಮದು ಸರಕಿನ ವಿವರವನ್ನು ಕಸ್ಟಮ್ಸ್‌ಗೆ ಘೋಷಿಸುವ ಪತ್ರ): ಪಣಂಬೂರಿನಲ್ಲಿರಲಿ, ಮುಂಬೈ ಬಳಿಯ ನಾವಾ ಶೇವಾದಲ್ಲಿರಲಿ, ಸರಕು ಇಳಿಯುವ ಬಂದರಿನಲ್ಲೇ ಕೆಲಸ ಮಾಡುವ ಪರವಾನಗಿ ಇರುವ ಕಸ್ಟಮ್ಸ್ ಬ್ರೋಕರ್‌ನನ್ನು ಹಿಡಿಯಿರಿ. ಹಡಗು ಬರುವ ಹಿಂದಿನ ದಿನ ಮುಗಿಯುವುದರೊಳಗೆ ಬಿಲ್ ಸಲ್ಲಿಸದಿದ್ದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ 10,000 ರೂಪಾಯಿ ತಡಶುಲ್ಕ. ಸರಕು ಕೈಗೆ ಬಂದ ಮೇಲೂ ಕಾಗದಗಳನ್ನು ಐದು ವರ್ಷ ಎತ್ತಿಡಿ.