ಸಾಲದಿಂದ ಬಿಡುಗಡೆಯಾದ ಮೇಲೂ ಮಾಹಿತಿ ಕೇಳಿ ಪತ್ರ ಬಂದರೆ

ದಿವಾಳಿ ಪ್ರಕರಣ ಮುಗಿದಿದೆ, ಸಾಲದಿಂದ ಬಿಡುಗಡೆಯ ಆದೇಶ, ಅಂದರೆ ಆ ಸಾಲ ಇನ್ನು ಕಟ್ಟಬೇಕಿಲ್ಲ ಎನ್ನುವ ಆದೇಶ, ಕೈಯಲ್ಲಿದೆ. ಆದರೂ ಸಾಲ ಕೊಟ್ಟ ಕಂಪನಿಯಿಂದ ಒಂದು ಫಾರಂ ಬರುತ್ತದೆ: ಈಗಿನ ಸಂಬಳ ಎಷ್ಟು, ಕೆಲಸ ಎಲ್ಲಿ, ಬ್ಯಾಂಕ್ ಖಾತೆ ಯಾವುದು? ಗಾಬರಿಯಾಗಿ ತುಂಬಿ ಕಳಿಸಬೇಡಿ. ಸುಮ್ನೆ ಹರಿದು ಬಿಸಾಡಲೂಬೇಡಿ.

ಕೇಳುತ್ತಿರುವವರು ಯಾರು ಅಂತ ಮೊದಲು ನೋಡಿ. ದಿವಾಳಿ ಪ್ರಕರಣ ನೋಡಿಕೊಂಡ ಅಧಿಕಾರಿ ಕೇಳಿದ್ದರೆ ಉತ್ತರ ಕೊಡಿ. ಬಿಡುಗಡೆಯಾದ ಮೇಲೂ ಅವರಿಗೆ ಸಹಕರಿಸುವ ಹೊಣೆ ಹಲವು ದೇಶಗಳಲ್ಲಿ ಉಳಿದಿರುತ್ತದೆ. ಸಾಲ ಕೊಟ್ಟವರ ವಿಷಯ ಬೇರೆ. ಸಾಲದಿಂದ ನಿಮಗೆ ಬಿಡುಗಡೆ ಸಿಕ್ಕಿದ್ದರೆ ವಸೂಲಿಗೆಂದು ನಿಮ್ಮ ಸಂಬಳದ ಲೆಕ್ಕ ಅವರಿಗೇಕೆ, ಅಲ್ವಾ? ಎಷ್ಟೋ ಸಲ ಅದು ಕಂಪ್ಯೂಟರ್ ತಾನಾಗಿ ಕಳಿಸಿದ ಪತ್ರ. ಇಲ್ಲವೇ ಸಾಲವನ್ನು ವಸೂಲಿ ಕಂಪನಿಗೆ ಮಾರಿರುತ್ತಾರೆ, ಅವರಿಗೆ ಆದೇಶದ ಸುದ್ದಿಯೇ ಮುಟ್ಟಿರುವುದಿಲ್ಲ.

ಉತ್ತರ ಇಷ್ಟಿದ್ದರೆ ಸಾಕು: "ಈ ಸಾಲದಿಂದ ನನಗೆ ಇಂಥ ಸಂಖ್ಯೆಯ ದಿವಾಳಿ ಪ್ರಕರಣದಲ್ಲಿ, ಇಂಥ ದಿನ ಬಿಡುಗಡೆ ಸಿಕ್ಕಿದೆ. ಆದೇಶದ ಪ್ರತಿ ಲಗತ್ತಿಸಿದ್ದೇನೆ. ನಿಮ್ಮ ದಾಖಲೆ ಸರಿಪಡಿಸಿ." ಜಾಸ್ತಿ ವಿವರಣೆ ಬೇಡ. ಫೋನಿನಲ್ಲಿ ಮಾತು ಬೆಳೆಸಬೇಡಿ, ಎಲ್ಲ ಬರವಣಿಗೆಯಲ್ಲೇ ಇರಲಿ, ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ. ಆದೇಶದ ಮೂಲ ಪ್ರತಿ ಮಾತ್ರ ಯಾರಿಗೂ ಕೊಡಬೇಡಿ. "ಸ್ವಲ್ಪ ಕಟ್ಟುತ್ತೇನೆ" ಅಂತ ಬರೆದ ಕಾಗದಕ್ಕೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಉತ್ತರ ಬರೆಯುವ ಮೊದಲು ಒಂದು ವಿಷಯ ಮಾತ್ರ ನೋಡಿಕೊಳ್ಳಿ: ಅವರು ಕೇಳುತ್ತಿರುವ ಸಾಲ ಈ ಆದೇಶದಲ್ಲಿ ಸೇರಿದೆಯಾ? ಕೋರ್ಟಿನ ದಂಡ, ಜೀವನಾಂಶದಂಥವುಗಳಿಂದ ಸಾಮಾನ್ಯವಾಗಿ ಬಿಡುಗಡೆ ಸಿಗುವುದಿಲ್ಲ. ಅಡಮಾನ ಇಟ್ಟ ಆಸ್ತಿಯ ಮೇಲೂ ಸಾಲ ಕೊಟ್ಟವರ ಹಕ್ಕು ಉಳಿಯಬಹುದು. ನಿಮಗೆ ಜಾಮೀನು ನಿಂತವರಿಗೂ ಈ ಆದೇಶದ ರಕ್ಷಣೆ ಸಾಮಾನ್ಯವಾಗಿ ಸಿಗಲ್ಲ, ಅವರಿಗೂ ಪತ್ರ ಬಂದಿದೆಯಾ ಕೇಳಿ.