ಊಟದ ತಾಮ್ರ ಮೈಗೆ ಹತ್ತಬೇಕಾದರೆ

ಅಮೆರಿಕದ ಪೋಷಣಾ ಮಾನದಂಡದಂತೆ ದೊಡ್ಡವರಿಗೆ ದಿನಕ್ಕೆ 0.9 ಮಿಲಿಗ್ರಾಂ ತಾಮ್ರ ಸಾಕು. ಬಸುರಿಯರಿಗೆ 1, ಮೊಲೆಯುಣಿಸುವ ತಾಯಂದಿರಿಗೆ 1.3. ಇಷ್ಟಕ್ಕೆ ಮಾತ್ರೆ ಬೇಡ. ಮಂಗಳೂರಿನ ಅಂಗಡಿಗಳಲ್ಲಿ ಸಿಗುವ ಡಬ್ಲ್ಯೂ-320 ದರ್ಜೆಯ ಗೇರುಬೀಜ ಇಪ್ಪತ್ತು ಎಣಿಸಿದರೆ ಸುಮಾರು 28 ಗ್ರಾಂ, ಅದರಲ್ಲೇ 0.6 ಮಿಲಿಗ್ರಾಂ ತಾಮ್ರ ಬಂತು. ಉಳಿದದ್ದನ್ನು ಎಳ್ಳು, ಹೆಸರುಕಾಳು, ಹುರುಳಿ ಸಾರು ತುಂಬಿಸುತ್ತವೆ. ಮೀನು ತಿನ್ನುವವರು ನೆನಪಿಡಿ, ತಾಮ್ರದ ಮಟ್ಟಿಗೆ ಬಂಗುಡೆಗಿಂತ ಏಡಿ ಎಷ್ಟೋ ಮೇಲು.

ತಿಂದ ತಾಮ್ರವನ್ನು ಸಣ್ಣ ಕರುಳಿನ ಜೀವಕೋಶಗಳು ಸಿಟಿಆರ್1 ಎಂಬ ಪ್ರೋಟೀನಿನ ಮೂಲಕ ಒಳಗೆಳೆದುಕೊಳ್ಳುತ್ತವೆ, ಎಟಿಪಿ7ಎ ಎಂಬ ಇನ್ನೊಂದು ಪ್ರೋಟೀನು ಅದನ್ನು ರಕ್ತಕ್ಕೆ ದಾಟಿಸುತ್ತದೆ. ಯಕೃತ್ತು ಅದನ್ನು ಸೆರುಲೋಪ್ಲಾಸ್ಮಿನ್ ಎಂಬ, ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನಿಗೆ ಸೇರಿಸಿ ಮೈಗೆಲ್ಲ ಕಳಿಸುತ್ತದೆ. ಹೆಚ್ಚಾದದ್ದು ಪಿತ್ತರಸದೊಂದಿಗೆ ಮಲದಲ್ಲಿ ಹೋಗುತ್ತದೆ, ಮೂತ್ರದಲ್ಲಿ ಹೋಗುವುದು ತೀರಾ ಕಡಿಮೆ. ಊಟದಲ್ಲಿ ತಾಮ್ರ ಕಡಿಮೆಯಿದ್ದಾಗ ಕರುಳು ಅರ್ಧಕ್ಕಿಂತ ಹೆಚ್ಚು ಹೀರುತ್ತದೆ, 5 ಮಿಲಿಗ್ರಾಂ ದಾಟಿದರೆ ಐದನೇ ಒಂದು ಪಾಲೂ ಹೀರುವುದಿಲ್ಲ. ಹಾಗಾಗಿ ದಿನದಿನದ ಲೆಕ್ಕ ಹಿಡಿದು ಕೂರಬೇಕಿಲ್ಲ.

ಈ ಏರ್ಪಾಟನ್ನು ಕೆಡಿಸುವುದು ಹೆಚ್ಚಾಗಿ ಜಿಂಕ್ ಮಾತ್ರೆ. ದಿನಕ್ಕೆ 50 ಮಿಲಿಗ್ರಾಂ ಅಥವಾ ಹೆಚ್ಚು ಜಿಂಕ್ ವಾರಗಟ್ಟಲೆ ಹೋದರೆ ಕರುಳಿನ ಕೋಶಗಳಲ್ಲಿ ಮೆಟಾಲೋಥಯೊನೀನ್ ಎಂಬ, ಲೋಹ ಹಿಡಿದಿಡುವ ಪ್ರೋಟೀನು ಹೆಚ್ಚುತ್ತದೆ. ಅದು ಜಿಂಕ್‌ಗಿಂತ ಗಟ್ಟಿಯಾಗಿ ತಾಮ್ರವನ್ನೇ ಹಿಡಿದುಕೊಳ್ಳುತ್ತದೆ, ಕೆಲವೇ ದಿನಗಳಲ್ಲಿ ಆ ಕೋಶ ಉದುರಿದಾಗ ತಾಮ್ರವೂ ಹೊರಗೆ. ಜಿಂಕ್ ಬೆಳಿಗ್ಗೆ, ಗೇರುಬೀಜ ಸಂಜೆ ಎಂದು ಹೊತ್ತು ಬದಲಿಸಿದರೂ ಇದು ತಪ್ಪುವುದಿಲ್ಲ. ನೀವು ನುಂಗುವ ಎಲ್ಲ ಮಾತ್ರೆಗಳ ಚೀಟಿ ಓದಿ, ಎಲಿಮೆಂಟಲ್ ಜಿಂಕ್ (ಮಾತ್ರೆಯಲ್ಲಿರುವ ಬರೀ ಜಿಂಕ್‌ನ ತೂಕ) ಎಷ್ಟಿದೆಯೆಂದು ಕೂಡಿಸಿ ನೋಡಿ. ಕಬ್ಬಿಣದ ಮಾತ್ರೆಗೂ ಜಗ್ಗದ ರಕ್ತಹೀನತೆ, ಬಿಳಿ ರಕ್ತಕಣದ ಕೊರತೆ, ಪಾದ ಜೋಮು ಹಿಡಿದು ನಡಿಗೆ ತಪ್ಪುವುದು ಕಂಡರೆ ಸೀರಂ ತಾಮ್ರ ಮತ್ತು ಸೆರುಲೋಪ್ಲಾಸ್ಮಿನ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ತಡಮಾಡಿದರೆ ನರದ ಹಾನಿ ಪೂರ್ತಿ ವಾಸಿಯಾಗದೆ ಉಳಿಯಬಹುದು. ಸೋಂಕು ಅಥವಾ ಬಸಿರು ಇರುವಾಗ ಈ ಎರಡೂ ಅಂಕಿ ತಾವಾಗಿ ಏರುತ್ತವೆ, ತಾಮ್ರದ ಕೊರತೆಯಿದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ಇನ್ನು ತಾಮ್ರದ ತಂಬಿಗೆ. ನಮ್ಮ ಕರಾವಳಿಯ ಮುರಕಲ್ಲಿನ ನೆಲದ ಬಾವಿ ನೀರು ಹಲವು ಕಡೆ ತುಸು ಆಮ್ಲೀಯ, ಅಂಥ ನೀರಿನಲ್ಲಿ ತಾಮ್ರ ಹೆಚ್ಚು ಕರಗುತ್ತದೆ. ಪಿಎಚ್ (ಆಮ್ಲೀಯತೆಯ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) 6.5ಕ್ಕಿಂತ ಕೆಳಗಿದ್ದರೆ ರಾತ್ರಿಯಿಡೀ ಇಡಬೇಡಿ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 2 ಮಿಲಿಗ್ರಾಂ. ಪುನರ್ಪುಳಿ ಶರಬತ್ತು, ಮಜ್ಜಿಗೆ, ಹುಣಸೆಯ ಸಾರು ಕಲಾಯಿ ಇಲ್ಲದ ತಾಮ್ರಕ್ಕೆ ಬೀಳಲೇಬಾರದು, ವಾಕರಿಕೆ ವಾಂತಿ ಅದರಿಂದಲೇ. ಹಸುಗೂಸಿನ ಹಾಲನ್ನಂತೂ ತಾಮ್ರ, ಹಿತ್ತಾಳೆಯಲ್ಲಿ ಕಾಯಿಸಬೇಡಿ: ಎಳೆಯ ಮಕ್ಕಳ ಯಕೃತ್ತನ್ನು ಹಾಳುಮಾಡುತ್ತಿದ್ದ ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್‌ಗೂ ಇಂಥ ಪಾತ್ರೆಯ ಹಾಲಿಗೂ ನಂಟಿತ್ತು.

ವಿಲ್ಸನ್ ಕಾಯಿಲೆಯವರಿಗೆ ಇದಾವುದೂ ಅನ್ವಯಿಸದು. ಅವರಲ್ಲಿ ತಾಮ್ರವನ್ನು ಪಿತ್ತಕ್ಕೆ ಸಾಗಿಸುವ ಎಟಿಪಿ7ಬಿ ಪ್ರೋಟೀನು ಕೆಟ್ಟು ತಾಮ್ರ ಪಿತ್ತಕ್ಕೆ ಹೋಗದೆ ಯಕೃತ್ತು, ಮಿದುಳಿನಲ್ಲಿ ಕೂರುತ್ತದೆ. ಅವರಿಗೆ ಗೇರುಬೀಜ, ಲಿವರ್, ಚಿಪ್ಪುಮೀನು, ತಂಬಿಗೆ ನೀರು ಬೇಡ. ವೈದ್ಯರು ಬರೆದ ಜಿಂಕ್ ಅವರ ಪಾಲಿಗೆ ಔಷಧಿ, ಅದನ್ನು ತಾವಾಗಿ ನಿಲ್ಲಿಸಬಾರದು.