ಹಕ್ಕಿ ಬಿಟ್ಟು ಮರ ಬರೆದೆ

ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಓದು ಮುಗಿಸಿದ ಮೇಲೆ ಮೂರು ವರ್ಷ ನಾನು ಬರೆದದ್ದೆಲ್ಲ ಹಕ್ಕಿಗಳನ್ನೇ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂರುತ್ತಿದ್ದೆ. ಹೆಜ್ಜಾರ್ಲೆ, ನೀರುಕಾಗೆ, ಬಣ್ಣದ ಕೊಕ್ಕರೆ ಎಲ್ಲವನ್ನೂ ಸ್ಕೆಚ್ ಮಾಡಿಕೊಂಡು ಮನೆಗೆ ಬಂದು ಆಕ್ರಿಲಿಕ್‌ನಲ್ಲಿ ದೊಡ್ಡದು ಮಾಡುತ್ತಿದ್ದೆ. ಹಕ್ಕಿ ಚಿತ್ರಗಳು ಮಾರಾಟವಾಗುತ್ತಿದ್ದವು. ಕೇಳಿದವರಿಗೆ 'ನಾನು ಪರಿಸರದ ಚಿತ್ರ ಬರೆಯುತ್ತೇನೆ' ಅನ್ನುತ್ತಿದ್ದೆ. ಮನಸ್ಸಿನಲ್ಲಿ ಅದನ್ನೇ ನಂಬಿದ್ದೆ.

ಮೊದಲು ಕಣ್ಣು ತೆರೆಸಿದ್ದು ಮನೆಯ ಬಚ್ಚಲು. ಬ್ರಷ್ ತೊಳೆದ ನೀರು ಚರಂಡಿಗೆ ಹೋಗುತ್ತಿತ್ತು. ಆಕ್ರಿಲಿಕ್ ಅಂದರೆ ಪ್ಲಾಸ್ಟಿಕ್ಕೇ ಅಲ್ವಾ? ಚರಂಡಿ ನೀರು ಕೊನೆಗೆ ಸೇರೋದು ಯಾವುದೋ ಕೆರೆಗೆ, ಹೊಳೆಗೆ. ಯಾವ ನೀರಿನ ಹಕ್ಕಿಯನ್ನು ಬರೆದು ಹೊಟ್ಟೆ ಹೊರೆಯುತ್ತಿದ್ದೆನೋ ಆ ನೀರಿಗೇ ನಾನು ಪ್ಲಾಸ್ಟಿಕ್ ಕಳಿಸುತ್ತಿದ್ದೆ. ಅದು ಗೊತ್ತಾದ ದಿನ ಕೆಲಸ ಮುಂದಕ್ಕೆ ಹೋಗಲಿಲ್ಲ.

ಎರಡನೆಯದು ಕೊಕ್ಕರೆ ಬೆಳ್ಳೂರಿನಲ್ಲಿ ಆಯಿತು. ಮದ್ದೂರು ತಾಲ್ಲೂಕಿನ ಈ ಊರಿಗೆ ಪ್ರತಿ ವರ್ಷ ಚಳಿಗಾಲದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬರುತ್ತವೆ. ಮನೆಗಳ ನಡುವಿನ ಹುಣಸೆ, ಅರಳಿ ಮರಗಳ ಮೇಲೆಯೇ ಗೂಡು ಕಟ್ಟಿ, ಮರಿ ಮಾಡಿ, ಮಳೆಗಾಲ ಶುರುವಾಗುವ ಹೊತ್ತಿಗೆ ಹೋಗುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ಅಂತ ಊರವರು ನೋಡಿಕೊಳ್ಳುತ್ತಾರೆ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಒಂದು ಮನೆಯ ಜಗಲಿ ಮೇಲೆ ನನ್ನ ಚಿತ್ರಗಳನ್ನು ಹರಡಿದ್ದೆ. ಆ ಮನೆಯ ಅಜ್ಜಿ ಬಹಳ ಹೊತ್ತು ನೋಡಿದರು.

'ಹಕ್ಕಿ ಚೆಂದಾಗದೆ ಕಣವ್ವ. ಅದು ಕೂತಿರೋ ಮರ ಎಲ್ಲಿ?'

ನಿಜ, ಮರ ಇರಲಿಲ್ಲ. ನೀಲಿ ಬಣ್ಣ ತುಂಬಿ ಅದರ ಮೇಲೆ ಹಕ್ಕಿ ತೇಲಿಸಿದ್ದೆ. ಆಮೇಲೆ ಅಜ್ಜಿ ಮರದ ಲೆಕ್ಕ ಹೇಳಿದರು. ಗೂಡು ಕಟ್ಟಿದ ಹುಣಸೆ ಮರದಲ್ಲಿ ಹಣ್ಣು ಸರಿಯಾಗಿ ಸಿಗೋದಿಲ್ಲ. ಹಕ್ಕಿಗೆ ಗಾಬರಿಯಾಗುತ್ತೆ ಅಂತ ಹತ್ತಿ ಬಡಿಯೋ ಹಾಗಿಲ್ಲ. ಅರಣ್ಯ ಇಲಾಖೆ ಪರಿಹಾರ ಕೊಡುತ್ತೆ, ಆದರೂ ಮರ ಉಳಿಸಿಕೊಳ್ಳೋದು ಆ ಮನೆಯವರ ಮನಸ್ಸು. ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಕೆರೆ ಗೋಡಿನ ಜೊತೆ ಸೇರಿಸಿ ಗೊಬ್ಬರ ಮಾಡುತ್ತಿದ್ದದ್ದನ್ನೂ ಹೇಳಿದರು. ನನ್ನ ಮೂರು ವರ್ಷದ ಚಿತ್ರಗಳಲ್ಲಿ ಇದ್ಯಾವುದೂ ಇರಲಿಲ್ಲ.

ಆ ಚಳಿಗಾಲದಿಂದ ಹಕ್ಕಿ ಬಿಟ್ಟು ಮರ ಬರೆಯಲು ಶುರು ಮಾಡಿದೆ. ಒಂದು ಮನೆ, ಒಂದು ಮರ, ಒಂದು ಹಾಳೆ. ಬಣ್ಣ ಆ ಮರದ ಬುಡದ ಮಣ್ಣಿನಿಂದಲೇ ಆಗಬೇಕು ಅಂತ ಹಟ ಹಿಡಿದೆ.

ಮಣ್ಣಿನ ಬಣ್ಣದ ಕೆಲಸ ಕೇಳಲು ಸುಲಭ. ಮಾಡುವಾಗ ತಾಳ್ಮೆ ಬೇಕು. ಮಣ್ಣನ್ನು ಬಕೆಟ್ ನೀರಿನಲ್ಲಿ ಕದಡಬೇಕು. ಮರಳು ತಕ್ಷಣ ತಳಕ್ಕೆ ಇಳಿಯುತ್ತದೆ. ಮೇಲಿನ ಕೆಸರು ನೀರನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ ರಾತ್ರಿಯೆಲ್ಲ ಬಿಡಬೇಕು. ಬೆಳಗ್ಗೆ ತಿಳಿ ಚೆಲ್ಲಿದರೆ ತಳದಲ್ಲಿ ಬೆಣ್ಣೆಯಂಥ ಗಸಿ ಸಿಗುತ್ತದೆ. ಇದನ್ನೇ ಮೂರು ನಾಲ್ಕು ಸಲ ಮಾಡಿ, ನೆರಳಲ್ಲಿ ಒಣಗಿಸಿ, ಕಲ್ಲಿನ ಮೇಲೆ ಅರೆಯಬೇಕು. ಒಂದು ಕಿಲೋ ಮಣ್ಣಿಗೆ ನನಗೆ ಸಿಗೋದು ಒಂದು ಬೊಗಸೆ ಬಣ್ಣ, ಕೆಲವು ಸಲ ಅದೂ ಇಲ್ಲ. ಅಂಟಿಗೆ ಗೋಂದು. ಒಂದು ಪಾಲು ಗೋಂದನ್ನು ಎರಡು ಪಾಲು ಉಗುರುಬೆಚ್ಚಗಿನ ನೀರಲ್ಲಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ನಾಲ್ಕು ಹನಿ ಜೇನುತುಪ್ಪ ಹಾಕುತ್ತೇನೆ. ಹಾಳೆ ಮೇಲೆ ಬಳಿದು ಒಣಗಿದ ಮೇಲೆ ಬೆರಳಲ್ಲಿ ಉಜ್ಜಿ ನೋಡಿ. ಪುಡಿ ಉದುರಿದರೆ ಗೋಂದು ಕಮ್ಮಿ. ಬಿರುಕು ಬಿಟ್ಟು ಹೊಳೆದರೆ ಜಾಸ್ತಿ.

ಕೆಮ್ಮಣ್ಣಿನ ಕೆಂಪು ಬರೋದು ಅದರಲ್ಲಿರುವ ಕಬ್ಬಿಣದಿಂದ. ಹಾಗಾಗಿ ಅದು ಬಿಸಿಲಿಗೆ ಮಾಸೋದಿಲ್ಲ. ಅರಿಶಿನದ ಹಳದಿ ಕಿಟಕಿ ಪಕ್ಕ ಇಟ್ಟರೆ ಕೆಲವೇ ದಿನಗಳಲ್ಲಿ ಮಂಕಾಗುತ್ತದೆ. ಹಳದಿ ಮಣ್ಣನ್ನು ಹೆಂಚಿನ ಮೇಲೆ ಚೆನ್ನಾಗಿ ಹುರಿದರೆ ಕೆಂಪಾಗುತ್ತದೆ, ಇದನ್ನು ಶಾಲೆ ಮಕ್ಕಳಿಗೆ ತೋರಿಸಿದಾಗ ಅವರ ಮುಖ ನೋಡಬೇಕು! ಬಿಳಿಗೆ ಸುದ್ದೆ ಮಣ್ಣು. ಕಪ್ಪಿಗೆ ದೀಪದ ಕಾಡಿಗೆ.

ಒಂದು ದೊಡ್ಡ ತಪ್ಪನ್ನು ಹೇಳಲೇಬೇಕು. ಗೂಡಿನ ಮರದ ಕೆಳಗಿನ ಮಣ್ಣಲ್ಲಿ ಹಿಕ್ಕೆ ಬೆರೆತಿರುತ್ತದೆ. ಅವಸರದಲ್ಲಿ ಒಂದೇ ಸಲ ತೊಳೆದು ಬಳಸಿಬಿಟ್ಟೆ. ಆಷಾಢದ ತಂಡಿಗೆ, ಮಾರಿದ್ದ ಎರಡು ಚಿತ್ರಗಳಿಗೆ ಬೂಸ್ಟು ಹಿಡಿಯಿತು. ಕೊಂಡವರು ಫೋನ್ ಮಾಡಿದಾಗ ಕೈಕಾಲು ತಣ್ಣಗಾಯಿತು. ದುಡ್ಡು ವಾಪಸ್ ಕೊಟ್ಟೆ, ಆ ತಿಂಗಳ ಬಾಡಿಗೆಯನ್ನು ಸ್ನೇಹಿತೆ ಹತ್ತಿರ ಸಾಲ ಮಾಡಿ ಕಟ್ಟಿದೆ. ಈಗ ಅಂಥ ಮಣ್ಣನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಮುಟ್ಟುತ್ತೇನೆ. ಏಳೆಂಟು ನೀರು ತೊಳೆದು, ಹೆಂಚಿನ ಮೇಲೆ ಕಾಯಿಸಿ ಆಮೇಲೆ ಅರೆಯುತ್ತೇನೆ. ಗೋಂದಿಗೆ ಎರಡು ಹನಿ ಲವಂಗದ ಎಣ್ಣೆ ತಪ್ಪಿಸೋದಿಲ್ಲ.

ಕಾಲೇಜಿನಲ್ಲಿ ಮೇಷ್ಟ್ರು ಒಮ್ಮೆ ಕಲಾವಿದೆ ನವಜೋತ್ ಅಲ್ತಾಫ್ ಅವರ ಕೆಲಸ ತೋರಿಸಿದ್ದರು. ಛತ್ತೀಸಗಢದ ಕೊಂಡಾಗಾಂವ್‌ನಲ್ಲಿ ಅಲ್ಲಿನ ಆದಿವಾಸಿ ಕಲಾವಿದರ ಜೊತೆ ಸೇರಿ ಬೋರ್‌ವೆಲ್ ಪಂಪುಗಳ ಸುತ್ತ ಕಟ್ಟಿದ ಜಾಗಗಳು ಅವು. ನೀರಿಗೆ ಬರುವ ಹೆಂಗಸರು ಕೊಡ ಇಟ್ಟು, ಎತ್ತಿಕೊಳ್ಳಲು ಅನುಕೂಲವಾಗುವಂತೆ ಮಾಡಿದ್ದಾರೆ. 'ಇದು ಕಲೆ ಹೇಗಾಗುತ್ತೆ ಸಾರ್?' ಅಂತ ಅವತ್ತು ಕೇಳಿದ್ದೆ. ಕೊಕ್ಕರೆ ಬೆಳ್ಳೂರಿನಲ್ಲಿ ಮರದ ಚಿತ್ರಗಳನ್ನು ಮೊದಲ ಸಲ ಹಗ್ಗಕ್ಕೆ ನೇತು ಹಾಕಿದಾಗ ನನ್ನ ಪ್ರಶ್ನೆ ನೆನಪಾಯಿತು. ಊರವರು ಚಿತ್ರ ನೋಡಿ ಸುಮ್ನೆ ಹೋಗಲಿಲ್ಲ. ಯಾರ ಮರದ ಯಾವ ಕೊಂಬೆ ಗಾಳಿಗೆ ಬಿತ್ತು, ಎಲ್ಲಿ ಹೊಸ ಸಸಿ ಇಡಬೇಕು ಅಂತ ಅಲ್ಲೇ ನಿಂತು ಮಾತಾಡಿದರು. ಆ ಅಜ್ಜಿ ತಮ್ಮ ಮರದ ಹಾಳೆ ಮುಂದೆ ನಿಂತು, 'ನಮ್ಮ ಮರದ ಕೆಳಗಿನ ಮಣ್ಣು ಇಷ್ಟು ಕೆಂಪಿಲ್ಲ ಕಣವ್ವ' ಅಂದರು. ಅವರು ಹೇಳಿದ್ದು ಸರಿ. ಬಣ್ಣ ಸಾಲದೆ ಪಕ್ಕದ ಹೊಲದ ಮಣ್ಣು ಬೆರೆಸಿದ್ದೆ. ಆ ಹಾಳೆ ಇಳಿಸಿ ಮತ್ತೆ ಬರೆದೆ.

ಹೊಟ್ಟೆಪಾಡಿನ ಮಾತು. ಚಿತ್ರ ಮಾರಾಟದಿಂದಲೇ ಬದುಕಲು ನನಗೆ ಆಗಿಲ್ಲ. ವಾರಕ್ಕೆ ಮೂರು ದಿನ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ಶಾಲೆಗಳಲ್ಲಿ ಮಣ್ಣಿನ ಬಣ್ಣದ ಕಾರ್ಯಾಗಾರ ಮಾಡುತ್ತೇನೆ. ಉಳಿದ ದಿನ ನನ್ನ ಕೆಲಸ. ಒಮ್ಮೆ ಬಡಾವಣೆ ಕಟ್ಟುವವರೊಬ್ಬರು ಕಾಂಪೌಂಡ್ ಗೋಡೆ ತುಂಬ ಕಾಡು ಬರೆಯಿರಿ ಅಂದರು. ಒಳ್ಳೆಯ ದುಡ್ಡು. ಜಾಗ ನೋಡಲು ಹೋದರೆ ಗೋಡೆಯ ಹಿಂದೆ ಆಗಷ್ಟೇ ಕಡಿದ ಮರಗಳ ಬೊಡ್ಡೆ, ಅಂಟು ಇನ್ನೂ ಹಸಿ. ಆಗೋದಿಲ್ಲ ಅಂತ ಹೇಳಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಅಳು ಬರುತ್ತಿತ್ತು. ದುಡ್ಡಿಗೋ ಮರಕ್ಕೋ, ಎರಡಕ್ಕೂ ಇರಬೇಕು.

ಈ ದಾರಿಗೆ ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳೋದು ಯಾವ ಬ್ರಷ್, ಯಾವ ಪೇಪರ್ ಅಂತ. ನಾನು ಕೇಳೋದು ಬೇರೆ. ನಿಮ್ಮ ಮನೆ ಹತ್ತಿರದ ಕೆರೆಗೆ ನೀರು ಎಲ್ಲಿಂದ ಬರುತ್ತೆ? ಅದನ್ನು ನಡೆದು ನೋಡಿಕೊಂಡು ಬನ್ನಿ, ಆಮೇಲೆ ಪೇಪರ್ ಮಾತಾಡೋಣ ಅನ್ನುತ್ತೇನೆ.

ನನ್ನ ಕಪಾಟಿನಲ್ಲಿ ಈಗ ಹತ್ತೊಂಬತ್ತು ಬಾಟಲಿ ಮಣ್ಣಿದೆ, ಒಂದೊಂದರ ಮೇಲೂ ಮನೆಯ ಗುರುತು. ಅಜ್ಜಿ ಮನೆಯ ಬಾಟಲಿ ತಳ ಕಾಣುತ್ತಿದೆ. ಹಕ್ಕಿ ಬರುವ ಮೊದಲೇ ಮಣ್ಣು ತರಬೇಕು, ಗೂಡು ಕಟ್ಟಿದ ಮೇಲೆ ಮರದ ಕೆಳಗೆ ಅಗೆಯೋದು ಬೇಡ. ಭಾನುವಾರ ಮದ್ದೂರು ಬಸ್ಸಿಗೆ ಹೊರಡುತ್ತೇನೆ.